ಬಿಸಿಬಿಎಗೆ ಲೈಸೆನ್ಸ್ ಇಲ್ಲವೆಂದರೆ ಮಗನ ಥೆರಪಿ ನಿಲ್ಲಿಸಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಮೈಸೂರಿನವರು, ಈಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇವೆ. ಮಗನಿಗೆ ನಾಲ್ಕೂವರೆ ವರ್ಷ. ಆಟಿಸಂ ಇದೆ ಎಂದು ಕಳೆದ ವರ್ಷ ಗೊತ್ತಾಯಿತು. ವಾರಕ್ಕೆ 25 ಗಂಟೆ ಎಬಿಎ (ವರ್ತನೆಯನ್ನು ಗಮನಿಸಿ ಹಂತ ಹಂತವಾಗಿ ಕಲಿಸುವ) ಥೆರಪಿ ನಡೆಯುತ್ತಿದೆ. ಮನೆಗೆ ಬರುವ ಹುಡುಗಿ ಆರ್‌ಬಿಟಿ, ಅಂದರೆ ಮಗನ ಜೊತೆ ಕೂತು ಥೆರಪಿ ಮಾಡಿಸುವ ಟೆಕ್ನೀಷಿಯನ್. ಅವಳ ಮೇಲೆ ಒಬ್ಬರು ಬಿಸಿಬಿಎ, ಅಂದರೆ ಸರ್ಟಿಫಿಕೇಟ್ ಪಡೆದ ಬಿಹೇವಿಯರ್ ಅನಲಿಸ್ಟ್, ಇದ್ದಾರೆ. ನಮ್ಮ ಯಜಮಾನರಿಗೆ ಟೆಕ್ಸಾಸ್‌ನ ಆಸ್ಟಿನ್‌ಗೆ ವರ್ಗವಾಗಿದೆ. ಅಲ್ಲಿರುವ ಸ್ನೇಹಿತೆಯೊಬ್ಬರು "ಲೈಸೆನ್ಸ್ ಇಲ್ಲದೆ ಯಾರೂ ಈ ಕೆಲಸ ಮಾಡುವಂತಿಲ್ಲ, ನಿಮ್ಮವರ ಲೈಸೆನ್ಸ್ ನೋಡಿದ್ದೀರಾ?" ಎಂದು ಕೇಳಿದರು. ಹುಡುಕಿದೆ, ಎಲ್ಲೂ ಸಿಗಲಿಲ್ಲ. ನಮ್ಮ ಬಿಸಿಬಿಎ ಅವರನ್ನೇ ಕೇಳಿದರೆ "ಕ್ಯಾಲಿಫೋರ್ನಿಯಾದಲ್ಲಿ ಲೈಸೆನ್ಸೇ ಇಲ್ಲ" ಎನ್ನುತ್ತಾರೆ. ಅಂದಿನಿಂದ ನಿದ್ದೆ ಹತ್ತುತ್ತಿಲ್ಲ. ಒಂದು ವರ್ಷ ಯಾರ ಕೈಗೆ ಮಗುವನ್ನು ಕೊಟ್ಟಿದ್ದೆವು ಅನ್ನಿಸುತ್ತಿದೆ. ವರ್ಗಕ್ಕೆ ಮೊದಲು ಮೂರು ತಿಂಗಳು ಮೈಸೂರಿಗೆ ಹೋಗಿಬರುವ ಯೋಚನೆಯಿದೆ. ಆಗ ವಿಡಿಯೋದಲ್ಲಿ ಥೆರಪಿ ಮುಂದುವರಿಸಿ ಎಂದರೆ ನಮ್ಮ ಬಿಸಿಬಿಎ ಒಪ್ಪುತ್ತಿಲ್ಲ. ಅಲ್ಲಿ ನಮ್ಮತ್ತೆ ಒಂದು ಕೇಂದ್ರ ನೋಡಿಟ್ಟಿದ್ದಾರೆ. ಅವರು "ನಮ್ಮದು ಆರ್‌ಸಿಐ ಮಾನ್ಯತೆ ಪಡೆದ ಎಬಿಎ" ಎಂದು ಹೇಳಿ ಮೂರು ತಿಂಗಳ ಫೀಸು ಮುಂಗಡ ಕೇಳುತ್ತಿದ್ದಾರೆ. ಯಾರನ್ನು ನಂಬಲಿ?

ಉತ್ತರ: ಮೊದಲು ನಿಮ್ಮ ನಿದ್ದೆಯ ವಿಷಯ. ನಿಮ್ಮ ಬಿಸಿಬಿಎ ಹೇಳಿದ್ದು ನಿಜ. ಕ್ಯಾಲಿಫೋರ್ನಿಯಾ ಸರ್ಕಾರ ಬಿಹೇವಿಯರ್ ಅನಲಿಸ್ಟ್‌ಗಳಿಗೆ ಲೈಸೆನ್ಸ್ ಕೊಡುವುದಿಲ್ಲ. ಹಾಗಾಗಿ ಅವರ ಹೆಸರು ಸಿಗದೇ ಇರುವುದು ಮೋಸದ ಗುರುತಲ್ಲ. ನಿಮ್ಮ ಸ್ನೇಹಿತೆ ಹೇಳಿದ್ದೂ ನಿಜವೇ. ಅವರು ಹೇಳಿದ್ದು ಟೆಕ್ಸಾಸ್‌ನ ಮಾತು. ಅಮೆರಿಕದಲ್ಲಿ ನರ್ಸ್ ಇರಲಿ, ಕ್ಷೌರಿಕರಿರಲಿ, ಲೈಸೆನ್ಸ್ ಕೊಡುವ ಅಧಿಕಾರ ಆಯಾ ರಾಜ್ಯದ್ದು. ಇಡೀ ದೇಶಕ್ಕೆ ನಡೆಯುವ ಬಿಹೇವಿಯರ್ ಅನಲಿಸ್ಟ್ ಲೈಸೆನ್ಸ್ ಎಂಬುದೇ ಇಲ್ಲ.

ಇಲ್ಲಿ ಎರಡು ಕಾಗದಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಬಿಸಿಬಿಎ ಎಂಬುದು ಸರ್ಟಿಫಿಕೇಟ್. ಅದನ್ನು ಕೊಡುವುದು 1998ರಲ್ಲಿ ಶುರುವಾದ, ಕೊಲರಾಡೊದ ಲಿಟಲ್‌ಟನ್‌ನಲ್ಲಿ ಕಚೇರಿಯಿರುವ ಬಿಎಸಿಬಿ ಎಂಬ ಖಾಸಗಿ, ಲಾಭರಹಿತ ಸಂಸ್ಥೆ. ಅದಕ್ಕೆ ಸ್ನಾತಕೋತ್ತರ ಪದವಿ ಬೇಕು, ನಿಗದಿತ ಪಾಠಗಳನ್ನು ಓದಿರಬೇಕು, ಮೇಲ್ವಿಚಾರಣೆಯಲ್ಲಿ 1,500ರಿಂದ 2,000 ಗಂಟೆ ಕೆಲಸ ಮಾಡಿರಬೇಕು, ಆಮೇಲೆ ಪರೀಕ್ಷೆ ಪಾಸಾಗಬೇಕು. ಎರಡು ವರ್ಷಕ್ಕೊಮ್ಮೆ ನವೀಕರಣ. ಅಷ್ಟು ಸುಲಭಕ್ಕೆ ಸಿಗುವ ಕಾಗದವಲ್ಲ ಅದು. ಲೈಸೆನ್ಸ್ ಎಂಬುದು ರಾಜ್ಯದ ಕಾನೂನು ಕೊಡುವ ಅನುಮತಿ. ಯಾರಾದರೂ ದೊಡ್ಡ ತಪ್ಪು ಮಾಡಿದಾಗಲೇ ಇವೆರಡರ ವ್ಯತ್ಯಾಸ ಕಾಣುವುದು. ಬಿಎಸಿಬಿ ತನ್ನ ಸರ್ಟಿಫಿಕೇಟನ್ನು ವಾಪಸ್ ಪಡೆಯಬಹುದು, ಅಷ್ಟೇ. ಆ ವ್ಯಕ್ತಿ ಮರುದಿನ "ಬಿಹೇವಿಯರ್ ಸ್ಪೆಷಲಿಸ್ಟ್" ಎಂದು ಇನ್ನೊಂದು ಕಾರ್ಡು ಹೊಡೆಸಿ ಕೈಗೆ ಹಣ ಪಡೆದು ಕೆಲಸ ಮುಂದುವರಿಸಿದರೆ ತಡೆಯುವ ಅಧಿಕಾರ ಅದಕ್ಕಿಲ್ಲ. ಲೈಸೆನ್ಸ್ ಇರುವ ರಾಜ್ಯದಲ್ಲಿ ಅದು ಕಾನೂನು ಮುರಿದ ಹಾಗೆ, ಸರ್ಕಾರವೇ ತಡೆಯಬಹುದು. ಟೆಕ್ಸಾಸ್‌ಗೆ ಲೈಸೆನ್ಸ್ ಬರುವ ಮುಂಚಿನಿಂದ ನಾನು ಇದೇ ವೃತ್ತಿಯಲ್ಲಿದ್ದೇನೆ. ಆಗ ತಂದೆತಾಯಿ ದೂರು ಹೇಳಿಕೊಂಡು ಬಂದರೆ ಸರ್ಕಾರದ ಯಾವ ಬಾಗಿಲು ತೋರಿಸಬೇಕೆಂದು ನಮಗೇ ತಿಳಿಯುತ್ತಿರಲಿಲ್ಲ.

ಈ ಎಲ್ಲ ಕಟ್ಟುಪಾಡು ಹುಟ್ಟಿದ್ದು ಮಕ್ಕಳ ನೋವಿನಿಂದ ಎಂಬುದನ್ನು ತಂದೆತಾಯಿ ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ. 1972ರಲ್ಲಿ ಫ್ಲೋರಿಡಾದ ಮಯಾಮಿಯಲ್ಲಿ ಬೌದ್ಧಿಕ ಅಂಗವೈಕಲ್ಯವಿದ್ದವರಿಗಾಗಿ ಸರ್ಕಾರ ನಡೆಸುತ್ತಿದ್ದ ಸನ್‌ಲ್ಯಾಂಡ್ ಎಂಬ ಕೇಂದ್ರದ ಒಂದು ವಿಭಾಗದಲ್ಲಿ ಹುಡುಗರಿಗೆ ಮರದ ಪಟ್ಟಿಯಿಂದ ಹೊಡೆಯುತ್ತಿದ್ದುದು, ಸೋಪಿನಿಂದ ಬಾಯಿ ತೊಳೆಸುತ್ತಿದ್ದುದು, ಎಲ್ಲರೆದುರು ಅವಮಾನ ಮಾಡುತ್ತಿದ್ದುದು, ಗಂಟೆಗಟ್ಟಲೆ ಕಟ್ಟಿಹಾಕುತ್ತಿದ್ದುದು ಬೆಳಕಿಗೆ ಬಂತು. ಅಲ್ಲಿದ್ದವರು ಅದನ್ನು "ಬಿಹೇವಿಯರ್ ಮಾಡಿಫಿಕೇಷನ್" ಎಂದು ಕರೆಯುತ್ತಿದ್ದರು. ತನಿಖೆ ನಡೆಯಿತು, ಮಾರ್ಗಸೂಚಿ ಬಂತು, ಯಾರು ಈ ಕೆಲಸ ಮಾಡಬಹುದು ಎಂದು ತೀರ್ಮಾನಿಸುವ ಪರೀಕ್ಷೆಯೊಂದನ್ನು ಮುಂದೆ ಫ್ಲೋರಿಡಾ ಜಾರಿಗೆ ತಂದಿತು. ಬಿಎಸಿಬಿ ಬೆಳೆದದ್ದು ಆ ಪರೀಕ್ಷೆಯ ಬೇರಿನಿಂದಲೇ.

ರಾಜ್ಯಗಳ ಲೈಸೆನ್ಸ್ ಬಂದದ್ದು ಬಹಳ ತಡವಾಗಿ. ನೆವಾಡ ಮತ್ತು ಒಕ್ಲಹೋಮ 2009ರಲ್ಲಿ ಶುರು ಮಾಡಿದವು, ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿದೆ. ಇದಕ್ಕೆ ಮಕ್ಕಳ ರಕ್ಷಣೆಯೊಂದೇ ಕಾರಣ ಎಂದರೆ ಪೂರ್ತಿ ನಿಜ ಹೇಳಿದಂತಾಗದು. ಆಟಿಸಂ ಚಿಕಿತ್ಸೆಗೆ ಇನ್ಶೂರೆನ್ಸ್ ಹಣ ಕೊಡಬೇಕು ಎಂಬ ಕಾನೂನುಗಳು ರಾಜ್ಯ ರಾಜ್ಯಗಳಲ್ಲಿ ಬಂದಾಗ, ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಎದ್ದಿತು. ಡಾಕ್ಟರಿಗೆ ಲೈಸೆನ್ಸ್ ಇದೆ, ಸೈಕಾಲಜಿಸ್ಟ್‌ಗೆ ಇದೆ, ಇವರಿಗೆ ಏನಿದೆ ಎಂದು ಕಂಪನಿಗಳು ಕೇಳಿದವು. ಲೈಸೆನ್ಸ್ ಕಾನೂನುಗಳಿಗೆ ವೇಗ ಬಂದದ್ದು ಆಗ.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2011ರಲ್ಲಿ ಸಹಿಯಾಗಿ 2012ರ ಜುಲೈನಲ್ಲಿ ಜಾರಿಗೆ ಬಂದ ಎಸ್‌ಬಿ 946 ಎಂಬ ಕಾನೂನು, ಇನ್ಶೂರೆನ್ಸ್ ಹಣ ಪಡೆಯಲು "ಅರ್ಹ ಆಟಿಸಂ ಸೇವಾದಾರ" ಯಾರು ಎಂದು ಹೇಳಿತು. ಬಿಎಸಿಬಿಯಂಥ ರಾಷ್ಟ್ರಮಟ್ಟದ ಸಂಸ್ಥೆಯ ಸರ್ಟಿಫಿಕೇಟ್ ಇದ್ದವರು ಆ ವ್ಯಾಖ್ಯೆಯೊಳಗೆ ಬರುತ್ತಾರೆ. 2016ರಲ್ಲಿ ಲೈಸೆನ್ಸಿಗಾಗಿ ಮಸೂದೆಯೊಂದು ಬಂದಿತ್ತು, ಕಾನೂನಾಗಲಿಲ್ಲ. ಅಂದರೆ ನಿಮ್ಮ ಬಿಸಿಬಿಎ ಕಾನೂನಿನೊಳಗೇ ಇದ್ದಾರೆ. ಅವರ ಹೆಸರನ್ನು ಹುಡುಕಬೇಕಾದದ್ದು ಬಿಎಸಿಬಿಯ ಜಾಲತಾಣದಲ್ಲಿ. ಸರ್ಟಿಫಿಕೇಟ್ ಚಾಲ್ತಿಯಲ್ಲಿದೆಯೇ, ಶಿಸ್ತು ಕ್ರಮ ಏನಾದರೂ ಆಗಿದೆಯೇ ಎಂಬುದು ಅಲ್ಲಿ ಕಾಣುತ್ತದೆ. ಆರ್‌ಬಿಟಿ ಹುಡುಗಿಯ ಹೆಸರೂ ಅಲ್ಲೇ ಇರಬೇಕು, ಇವತ್ತೇ ನೋಡಿ.

ದೂರು ಕೊಡಬೇಕಾದ ಸಂದರ್ಭ ಬಂದರೆ ಮಾತ್ರ ಕ್ಯಾಲಿಫೋರ್ನಿಯಾದಲ್ಲಿ ಅಲೆದಾಟ ಹೆಚ್ಚು. ನಡತೆಯ ಬಗ್ಗೆಯಾದರೆ ಬಿಎಸಿಬಿಗೆ. ರೀಜನಲ್ ಸೆಂಟರ್ (ಬೆಳವಣಿಗೆಯ ತೊಂದರೆ ಇರುವವರಿಗೆ ರಾಜ್ಯದ ಹಣದಲ್ಲಿ ಸೇವೆ ಒದಗಿಸುವ ಕೇಂದ್ರ) ಮೂಲಕ ಸೇವೆ ಸಿಗುತ್ತಿದ್ದರೆ ಅಲ್ಲಿಗೂ. ಇನ್ಶೂರೆನ್ಸ್ ತಕರಾರಾದರೆ ಎಷ್ಟೋ ಪ್ಲಾನುಗಳಿಗೆ ರಾಜ್ಯದ ಮ್ಯಾನೇಜ್ಡ್ ಹೆಲ್ತ್ ಕೇರ್ ಇಲಾಖೆ ಇದೆ. ಆದರೆ ನಮ್ಮವರು ಕೆಲಸ ಮಾಡುವ ದೊಡ್ಡ ಟೆಕ್ ಕಂಪನಿಗಳಲ್ಲಿ ಅನೇಕವು ಸೆಲ್ಫ್ ಫಂಡೆಡ್ ಪ್ಲಾನ್, ಅಂದರೆ ಚಿಕಿತ್ಸೆಯ ಖರ್ಚನ್ನು ಕೆಲಸ ಕೊಟ್ಟ ಕಂಪನಿಯೇ ಹೊರುವ ಪ್ಲಾನ್, ಇಟ್ಟುಕೊಂಡಿರುತ್ತವೆ. ಅವು ಫೆಡರಲ್ ಕಾನೂನಿನ ಕೆಳಗೆ ಬರುತ್ತವೆ, ರಾಜ್ಯದ ಇನ್ಶೂರೆನ್ಸ್ ಕಾನೂನು ಅವುಗಳನ್ನು ಮುಟ್ಟುವುದಿಲ್ಲ. ನಿಮ್ಮ ಯಜಮಾನರ ಪ್ಲಾನ್ ಯಾವ ಬಗೆಯದೆಂದು ಎಚ್‌ಆರ್‌ನಲ್ಲಿ ಒಮ್ಮೆ ಕೇಳಿಡಿ, ಆಸ್ಟಿನ್‌ಗೂ ಈ ಮಾಹಿತಿ ಬೇಕಾಗುತ್ತದೆ. ಮಗುವಿನ ಮೈಮೇಲೆ ಕೈಮಾಡಿದ ಅನುಮಾನ ಬಂದರೆ ಇದ್ಯಾವುದನ್ನೂ ಕಾಯಬೇಡಿ. ನೇರವಾಗಿ ಪೊಲೀಸರಿಗೆ ಅಥವಾ ಮಕ್ಕಳ ರಕ್ಷಣಾ ಇಲಾಖೆಗೆ ಫೋನ್ ಮಾಡಿ.

ಟೆಕ್ಸಾಸ್‌ನಲ್ಲಿ 2017ರಲ್ಲಿ ಕಾನೂನಾಯಿತು, 2018ರ ಸೆಪ್ಟೆಂಬರ್ 1ರಿಂದ ಲೈಸೆನ್ಸ್ ಕಡ್ಡಾಯ. ಕೊಡುವುದು ಟಿಡಿಎಲ್‌ಆರ್ ಎಂಬ ಸರ್ಕಾರಿ ಇಲಾಖೆ. ಅದರ ಜಾಲತಾಣದಲ್ಲಿ ಯಾರ ಲೈಸೆನ್ಸನ್ನು ಯಾರು ಬೇಕಾದರೂ ನೋಡಬಹುದು, ದೂರನ್ನೂ ಅಲ್ಲೇ ಕೊಡಬಹುದು. ದಂಡ ಹಾಕುವ, ಲೈಸೆನ್ಸ್ ಅಮಾನತು ಅಥವಾ ರದ್ದು ಮಾಡುವ ಅಧಿಕಾರ ಅದಕ್ಕಿದೆ. ತಂದೆತಾಯಿ ಅನಲಿಸ್ಟ್ ಹೇಳಿಕೊಟ್ಟಂತೆ ಮನೆಯಲ್ಲಿ ಮಗುವಿಗೆ ಕಲಿಸಲು ಲೈಸೆನ್ಸ್ ಬೇಡ, ಕಾನೂನೇ ಆ ವಿನಾಯಿತಿ ಕೊಟ್ಟಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, "ನಾನೇ ಮನೆಯಲ್ಲಿ ಮಾಡಿಸಿದರೆ ತಪ್ಪಾಗುತ್ತದಾ?" ಎಂದು ಹೆದರಿ ಕೇಳುವ ತಾಯಂದಿರು ನನಗೆ ಬಹಳ ಸಿಗುತ್ತಾರೆ.

ಹಾಗಾದರೆ ಟೆಕ್ಸಾಸ್‌ನಲ್ಲಿ ಮಗು ಹೆಚ್ಚು ಸುರಕ್ಷಿತವೇ? ದೂರು ಕೊಡುವ ಜಾಗ ಸ್ಪಷ್ಟವಾಗಿದೆ ಎಂಬ ಮಟ್ಟಿಗೆ ಹೌದು, ಅದು ಸಣ್ಣ ಮಾತಲ್ಲ. ಆದರೆ ಲೈಸೆನ್ಸ್ ಇದ್ದ ಮಾತ್ರಕ್ಕೆ ಚಿಕಿತ್ಸೆ ಒಳ್ಳೆಯದು ಎಂದು ತಿಳಿಯಬೇಡಿ. ಮ್ಯಾಸಚೂಸೆಟ್ಸ್ ಲೈಸೆನ್ಸ್ ಇರುವ ರಾಜ್ಯ. ಅದೇ ರಾಜ್ಯದ ಕ್ಯಾಂಟನ್‌ನಲ್ಲಿರುವ ಜಡ್ಜ್ ರೋಟೆನ್‌ಬರ್ಗ್ ಸೆಂಟರ್‌ನಲ್ಲಿ ನಿವಾಸಿಗಳ ಚರ್ಮಕ್ಕೆ ವಿದ್ಯುತ್ ಶಾಕ್ ಕೊಡುವ ಪದ್ಧತಿ ದಶಕಗಳ ಕಾಲ ನಡೆದು ಬಂತು. 2020ರಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳನ್ನು ನಿಯಂತ್ರಿಸುವ ಅಮೆರಿಕದ ಇಲಾಖೆ ಎಫ್‌ಡಿಎ ಆ ಯಂತ್ರವನ್ನು ನಿಷೇಧಿಸಿತು, 2021ರಲ್ಲಿ ಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ನಮ್ಮ ವೃತ್ತಿಗೆ ಇದು ಕಳಂಕ ಎಂದೇ ನಾನು ಭಾವಿಸುತ್ತೇನೆ. ಯಾರು ಕೆಲಸ ಮಾಡಬಹುದು ಎಂಬುದನ್ನು ಲೈಸೆನ್ಸ್ ಹೇಳುತ್ತದೆ. ಅವರು ದಿನಕ್ಕೆ ಐದು ಗಂಟೆ ನಿಮ್ಮ ಮಗನ ಜೊತೆ ಏನು ಮಾಡುತ್ತಾರೆ ಎಂಬುದನ್ನು ನೀವೇ ನೋಡಬೇಕು.

ಆ ಐದು ಗಂಟೆ ಮಗನ ಜೊತೆ ಇರುವವರು ಯಾರು? ಬಿಸಿಬಿಎ ಅಲ್ಲ, ಆ ಆರ್‌ಬಿಟಿ ಹುಡುಗಿ. ನಿಮ್ಮ ಪತ್ರದಲ್ಲಿ ಅವಳ ಬಗ್ಗೆ ಅರ್ಧ ಸಾಲಿದೆ. ನಾನಾಗಿದ್ದರೆ ಲೈಸೆನ್ಸಿಗಿಂತ ಮೊದಲು ಅಲ್ಲಿ ನೋಡುತ್ತಿದ್ದೆ. ಆರ್‌ಬಿಟಿ ಆಗಲು 18 ವರ್ಷ ತುಂಬಿರಬೇಕು, ಹೈಸ್ಕೂಲ್ ಮುಗಿದಿರಬೇಕು, 40 ಗಂಟೆಯ ತರಬೇತಿ, ಹಿನ್ನೆಲೆ ಪರಿಶೀಲನೆ, ಒಂದು ಕೌಶಲ ಪರೀಕ್ಷೆ, ಒಂದು ಲಿಖಿತ ಪರೀಕ್ಷೆ. ಅಷ್ಟೇ. ವಾಷಿಂಗ್ಟನ್‌ನಂಥ ಕೆಲವು ರಾಜ್ಯಗಳು ಟೆಕ್ನೀಷಿಯನ್ನರನ್ನೂ ಸರ್ಕಾರಿ ನೋಂದಣಿಯೊಳಗೆ ತಂದಿವೆ. ಟೆಕ್ಸಾಸ್‌ನಲ್ಲಿ ಅವರಿಗೆ ಲೈಸೆನ್ಸ್ ಇಲ್ಲ, ಲೈಸೆನ್ಸ್ ಇರುವವರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುತ್ತಾರೆ. ಈ ಟೆಕ್ನೀಷಿಯನ್ನರಲ್ಲಿ ಅದ್ಭುತವಾದ ಹುಡುಗ ಹುಡುಗಿಯರಿದ್ದಾರೆ, ಮಗುವಿನ ಮುಖ ನೋಡಿಯೇ ಹಸಿವು ಯಾವುದು, ಹಟ ಯಾವುದು ಎಂದು ತಿಳಿಯುವವರು. ಆದರೆ ಸಂಬಳ ಕಡಿಮೆ, ಬಿಟ್ಟು ಹೋಗುವವರು ಹೆಚ್ಚು, ಮೇಲಿನವರು ಬಂದು ನೋಡದಿದ್ದರೆ ತಪ್ಪು ವಿಧಾನವೇ ರೂಢಿಯಾಗಿಬಿಡುತ್ತದೆ.

ಆರ್‌ಬಿಟಿ ತಿಂಗಳಲ್ಲಿ ಕೆಲಸ ಮಾಡಿದ ಗಂಟೆಗಳಲ್ಲಿ ಕನಿಷ್ಠ 5 ಶೇಕಡಾ ಮೇಲ್ವಿಚಾರಣೆ ಇರಬೇಕು ಎಂಬುದು ಬಿಎಸಿಬಿಯ ನಿಯಮ. ಅದು ಅತ್ಯಂತ ಕೆಳಗಿನ ಮಿತಿ. ಹತ್ತು ಗಂಟೆ ಥೆರಪಿಗೆ ಒಂದರಿಂದ ಎರಡು ಗಂಟೆ ಬಿಸಿಬಿಎ ಕೆಲಸ ಇರಬೇಕು ಎಂಬುದು ವೃತ್ತಿಯೊಳಗೆ ಒಪ್ಪಿಕೊಂಡ ಲೆಕ್ಕ. ಇದನ್ನು ಮನೆಯಲ್ಲೇ ಕೂತು ನೋಡಬಹುದು. ಇನ್ಶೂರೆನ್ಸ್‌ನವರು ಕಳಿಸುವ ಇಒಬಿ, ಅಂದರೆ ಯಾವ ಸೇವೆಗೆ ಎಷ್ಟು ಬಿಲ್ ಆಯಿತು ಎಂದು ತೋರಿಸುವ ಪತ್ರ, ತೆಗೆಯಿರಿ. 97153 ಎಂಬ ಕೋಡ್ ಎದುರು ಇರುವುದು ಟೆಕ್ನೀಷಿಯನ್ ಮಗುವಿನ ಜೊತೆ ಕಳೆದ ಸಮಯ. 97155 ಎಂದರೆ ಬಿಸಿಬಿಎ ತಾವೇ ಮಗುವಿನ ಜೊತೆ ಇದ್ದು ವಿಧಾನವನ್ನು ತಿದ್ದಿದ ಸಮಯ. 97156 ಎಂದರೆ ತಂದೆತಾಯಿಗೆ ಹೇಳಿಕೊಟ್ಟದ್ದು. ಒಂದು ಯೂನಿಟ್ ಎಂದರೆ 15 ನಿಮಿಷ. ವಾರಕ್ಕೆ 25 ಗಂಟೆಯಾದರೆ ನಾಲ್ಕು ವಾರಕ್ಕೆ 97153ರ ಎದುರು 400 ಯೂನಿಟ್ ಬರುತ್ತದೆ, ಅಂದರೆ 100 ಗಂಟೆ. ಅದೇ ತಿಂಗಳು 97155ರ ಎದುರು 8 ಯೂನಿಟ್ ಮಾತ್ರ ಇದ್ದರೆ ಎರಡೇ ಗಂಟೆ ಆಯಿತು. 97156 ಸಾಲೇ ಇಲ್ಲದಿದ್ದರೆ ನಿಮಗೆ ಯಾರೂ ಏನೂ ಹೇಳಿಕೊಟ್ಟಿಲ್ಲ ಎಂದರ್ಥ, ಅದು ನಿಮಗೇ ಗೊತ್ತಿರುತ್ತದೆ.

ಆ ಕಾಗದ ಹಿಡಿದು ಕೂಡಲೇ ಜಗಳಕ್ಕೆ ಹೋಗಬೇಡಿ. ಕೆಲವು ಇನ್ಶೂರೆನ್ಸ್ ಕಂಪನಿಗಳು ಮೇಲ್ವಿಚಾರಣೆಯ ಸಮಯಕ್ಕೆಲ್ಲ ಹಣ ಕೊಡುವುದಿಲ್ಲ, ಬಿಲ್ ಆಗದ ಗಂಟೆಗಳೂ ಇರುತ್ತವೆ. "ಕಳೆದ ತಿಂಗಳು ಆ ಹುಡುಗಿ ನಮ್ಮ ಮಗನ ಜೊತೆ ಕೆಲಸ ಮಾಡುವುದನ್ನು ನೀವು ಎಷ್ಟು ಗಂಟೆ ನೋಡಿದಿರಿ? ನೋಡಿದ ಮೇಲೆ ಏನು ಬದಲಾಯಿಸಿದಿರಿ?" ಎಂದು ಕೇಳಿ. ಚೆನ್ನಾಗಿ ಕೆಲಸ ಮಾಡುವವರು ಗ್ರಾಫ್ ತೆರೆದು, ಇಂಥ ದಿನ ಇದನ್ನು ಬಿಟ್ಟೆವು, ಇದನ್ನು ಹಿಡಿದೆವು ಎಂದು ತೋರಿಸುತ್ತಾರೆ. ಗುರಿಗಳ ಪಟ್ಟಿಯನ್ನೂ ಓದಿ. ನೀರು ಕೇಳುವುದು, ಬೇಡ ಎನ್ನುವುದು, ಟಾಯ್ಲೆಟ್, ರಸ್ತೆಯಲ್ಲಿ ಕೈ ಹಿಡಿದು ನಡೆಯುವುದು, ಇವೆಲ್ಲ ಮಗುವಿನ ಬದುಕಿಗೆ ಬೇಕಾದವು. "ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು", "ಕೈ ಅಲ್ಲಾಡಿಸದೆ ಕೂರಬೇಕು" ಎಂಬಂಥವು ಇದ್ದರೆ ಯಾರಿಗಾಗಿ ಎಂದು ಪ್ರಶ್ನಿಸಿ. ಬಾಲ್ಯದಲ್ಲಿ ಇಂಥದ್ದನ್ನು ಅನುಭವಿಸಿ ದೊಡ್ಡವರಾದ ಆಟಿಸ್ಟಿಕ್ ವ್ಯಕ್ತಿಗಳು ಅದು ಎಷ್ಟು ಹಿಂಸೆಯಾಗಿತ್ತು ಎಂದು ಹೇಳುತ್ತಲೇ ಬಂದಿದ್ದಾರೆ. ಅವರ ಮಾತನ್ನು ನಮ್ಮ ವೃತ್ತಿ ಇನ್ನೂ ಮುಂಚೆಯೇ ಕೇಳಬೇಕಿತ್ತು. ಇನ್ನೊಂದು ವಿಷಯ: ಮಗನ ಜೊತೆ ಮನೆಯಲ್ಲಿ ಕನ್ನಡ ಮಾತಾಡುವುದನ್ನು ಬಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಎರಡು ಭಾಷೆಯಿಂದ ಆಟಿಸಂ ಇರುವ ಮಗುವಿಗೆ ಹಾನಿ ಎಂಬುದಕ್ಕೆ ಆಧಾರವಿಲ್ಲ. ಅವನ ಅಜ್ಜಿ ಮಾತಾಡುವ ಭಾಷೆ ಅವನಿಗೆ ಬೇಕು.

ವರ್ಗದ ವಿಚಾರಕ್ಕೆ ಬರೋಣ. ಈಗಿನ ಬಿಸಿಬಿಎ ಆಸ್ಟಿನ್‌ನಲ್ಲೂ ವಿಡಿಯೋ ಮೂಲಕ ಮುಂದುವರಿಯಬಹುದೇ? ಅವರ ಬಳಿ ಟೆಕ್ಸಾಸ್ ಲೈಸೆನ್ಸ್ ಇದ್ದರೆ ಮಾತ್ರ. ವಿಡಿಯೋ ಸೇವೆಯಲ್ಲಿ ಥೆರಪಿಸ್ಟ್ ಎಲ್ಲಿ ಕೂತಿದ್ದಾರೆ ಎನ್ನುವುದಕ್ಕಿಂತ ಮಗು ಎಲ್ಲಿದೆ ಎಂಬುದನ್ನೇ ಕಾನೂನು ನೋಡುತ್ತದೆ. ಪರಿಚಿತರೇ ಮುಂದುವರಿದರೆ ಮಗುವಿಗೆ ಹಿತ. ಆದರೆ ಮನೆಗೆ ಬರುವ ಟೆಕ್ನೀಷಿಯನ್ ಹೇಗೂ ಹೊಸಬರಾಗುತ್ತಾರೆ, ಅವರನ್ನು ದೂರದಿಂದ ತಿದ್ದುವುದು ಕಷ್ಟ. ನನ್ನ ಸಲಹೆ, ಆಸ್ಟಿನ್‌ನಲ್ಲೇ ಒಬ್ಬರನ್ನು ಹುಡುಕಿ, ಈಗಿನ ಬಿಸಿಬಿಎಯನ್ನು ಅವರ ಜೊತೆ ಒಂದು ಸಲ ಮಾತಾಡಿಸಿ. ಹೊಸ ಮೌಲ್ಯಮಾಪನ, ಇನ್ಶೂರೆನ್ಸ್‌ನ ಹೊಸ ಅನುಮೋದನೆ ಎಂದು ವಾರಗಳು ಉರುಳುತ್ತವೆ, ಒಳ್ಳೆಯ ಕಡೆ ವೇಟಿಂಗ್ ಲಿಸ್ಟ್ ಇರುತ್ತದೆ. ಹಾಗಾಗಿ ಮೈಸೂರಿಗೆ ಹೊರಡುವ ಮೊದಲೇ ಹೆಸರು ಬರೆಸಿ. ಕೊನೆಯ ಮೌಲ್ಯಮಾಪನದ ವರದಿ, ಚಿಕಿತ್ಸಾ ಯೋಜನೆ, ಗ್ರಾಫ್‌ಗಳು, ರೋಗನಿರ್ಣಯದ ಮೂಲ ವರದಿ ಇವಿಷ್ಟನ್ನು ಕೇಳಿ ಪಡೆಯಿರಿ. ಅವನ್ನು ಕೇಳುವ ಹಕ್ಕು ನಿಮಗಿದೆ. ರೀಜನಲ್ ಸೆಂಟರ್ ಸೇವೆಗಳು ಕ್ಯಾಲಿಫೋರ್ನಿಯಾದ ಗಡಿಯಲ್ಲೇ ನಿಲ್ಲುತ್ತವೆ. ಟೆಕ್ಸಾಸ್‌ನಲ್ಲಿ ಅದಕ್ಕೆ ಹತ್ತಿರವಾದ ಮೆಡಿಕೈಡ್ ವೇವರ್ (ಅಂಗವೈಕಲ್ಯವಿರುವವರಿಗೆ ಮನೆಯಲ್ಲೇ ನೆರವು ಕೊಡುವ ಸರ್ಕಾರಿ) ಯೋಜನೆಗಳಿಗೆ ವರ್ಷಗಟ್ಟಲೆ ಕಾಯಬೇಕು, ಬಂದ ವಾರವೇ ಹೆಸರು ಸೇರಿಸಿ.

ಮೈಸೂರಿನಿಂದ ವಿಡಿಯೋ ಮಾಡಲು ನಿಮ್ಮ ಬಿಸಿಬಿಎ ಒಪ್ಪದಿದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಮಗು ಭಾರತದಲ್ಲಿರುವಾಗ ಅಮೆರಿಕದ ಪ್ಲಾನ್ ಸಾಮಾನ್ಯವಾಗಿ ಇದಕ್ಕೆ ಹಣ ಕೊಡುವುದಿಲ್ಲ, ಅವರ ವೃತ್ತಿ ವಿಮೆಯೂ ಅಲ್ಲಿಯವರೆಗೆ ಬರದೇ ಇರಬಹುದು. ಅದನ್ನು ಸ್ಯಾನ್ ಹೋಸೆಯಲ್ಲೇ ನಡೆದ ಸೇವೆ ಎಂದು ಬಿಲ್ ಮಾಡಿದರೆ ಅದು ವಂಚನೆ. "ಪರವಾಗಿಲ್ಲ, ಹೇಗೋ ಮಾಡೋಣ" ಎನ್ನುವವರಿಗಿಂತ ಒಲ್ಲೆ ಎಂದವರೇ ನಂಬಿಕಸ್ಥರು.

ಇನ್ನು "ಆರ್‌ಸಿಐ ಮಾನ್ಯತೆ ಪಡೆದ ಎಬಿಎ" ಎಂಬ ಮಾತು. ಆರ್‌ಸಿಐ ಎಂದರೆ ಭಾರತೀಯ ಪುನರ್ವಸತಿ ಪರಿಷತ್ತು, 1992ರ ಕಾಯ್ದೆಯ ಸಂಸ್ಥೆ. ಅದು ಕ್ಲಿನಿಕಲ್ ಸೈಕಾಲಜಿಸ್ಟ್, ವಿಶೇಷ ಶಿಕ್ಷಕರು, ಸ್ಪೀಚ್ ಥೆರಪಿಸ್ಟ್ ಮೊದಲಾದವರನ್ನು ನೋಂದಾಯಿಸುತ್ತದೆ. ಆ ವೃತ್ತಿಗಳ ಪಟ್ಟಿಯಲ್ಲಿ ಬಿಹೇವಿಯರ್ ಅನಲಿಸ್ಟ್ ಇಲ್ಲ. ಆ ಕೇಂದ್ರದಲ್ಲಿ ಆರ್‌ಸಿಐ ನೋಂದಣಿ ಇರುವ ವಿಶೇಷ ಶಿಕ್ಷಕರು ಇರಬಹುದು, ಅದು ನಿಜವಾದ ಅರ್ಹತೆಯೇ. ಆದರೆ ಅದು ಎಬಿಎಗೆ ಸಿಕ್ಕ ಮಾನ್ಯತೆಯಲ್ಲ. 2021ರ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆ ತನ್ನ ಅನುಸೂಚಿಯಲ್ಲಿ ಬಿಹೇವಿಯರಲ್ ಅನಲಿಸ್ಟ್ ಎಂದು ಹೆಸರಿಸಿದೆ, ಪ್ರತಿ ರಾಜ್ಯದಲ್ಲೂ ಒಂದು ಪರಿಷತ್ತು ಇರಬೇಕು ಎಂದೂ ಹೇಳಿದೆ. ಭಾರತದಲ್ಲಿ ಈ ವೃತ್ತಿಗೆ ಕಾನೂನಿನ ಬಾಗಿಲು ತೆರೆಯಬೇಕಾದದ್ದು ಆ ದಾರಿಯಲ್ಲಿ. ಭಾರತದಲ್ಲಿ ನೆಲೆಸಿದವರಿಂದ ಬಿಎಸಿಬಿ 2023ರ ಜನವರಿ 1ರಿಂದ ಹೊಸ ಅರ್ಜಿ ತೆಗೆದುಕೊಳ್ಳುತ್ತಿಲ್ಲ. ಮೊದಲೇ ಪಡೆದವರು ಉಳಿಸಿಕೊಂಡಿರಬಹುದು. ಉಳಿದವರು ಕ್ಯೂಎಬಿಎ, ಐಬಿಎಒ ಮುಂತಾದ ಬೇರೆ ಸಂಸ್ಥೆಗಳ ಸರ್ಟಿಫಿಕೇಟ್ ಪಡೆಯುತ್ತಾರೆ. ಅವೂ ಖಾಸಗಿಯೇ. ಇವುಗಳಲ್ಲಿ ಯಾವುದೋ ಒಂದಿದ್ದರೆ ಕೆಟ್ಟದ್ದಲ್ಲ, ಆದರೆ ಸರ್ಕಾರಿ ಮಾನ್ಯತೆ ಎಂದು ಹೇಳಿದರೆ ಸುಳ್ಳು.

ನಿಮ್ಮತ್ತೆಯವರಿಗೆ ಹೇಳಿ, ಮುಂಗಡ ಕೊಡುವ ಮೊದಲು ಕೇಂದ್ರದವರಿಂದ ಮೂರು ವಿಷಯ ಬರೆಸಿಕೊಳ್ಳಲಿ: ಮಗುವಿನ ಜೊತೆ ದಿನವೂ ಕೂರುವವರ ಹೆಸರು ಮತ್ತು ಅರ್ಹತೆ, ಅವರನ್ನು ನೋಡಿಕೊಳ್ಳುವವರ ಆರ್‌ಸಿಐ ನೋಂದಣಿ ಸಂಖ್ಯೆ ಅಥವಾ ಸರ್ಟಿಫಿಕೇಟ್, ನಡುವೆ ಬಿಟ್ಟರೆ ಹಣ ವಾಪಸಿನ ಷರತ್ತು. ಆರ್‌ಸಿಐ ಸಂಖ್ಯೆಯನ್ನು ಪರಿಷತ್ತಿನ ಜಾಲತಾಣದಲ್ಲಿ ಪರಿಶೀಲಿಸಬಹುದು. ಬಾಗಿಲು ಹಾಕಿಕೊಂಡು, ತಂದೆತಾಯಿ ಒಳಗೆ ಬರಬಾರದು ಎನ್ನುವ ಕಡೆ ಮಗುವನ್ನು ಬಿಡಬೇಡಿ, ಎಷ್ಟೇ ಹೆಸರುವಾಸಿಯಾಗಿರಲಿ. ಹಣ ಕೊಟ್ಟ ಮೇಲೆ ತಕರಾರು ಬಂದರೆ ಜಿಲ್ಲಾ ಗ್ರಾಹಕರ ಆಯೋಗವಿದೆ, ಆದರೆ ಮೂರು ತಿಂಗಳಿಗೆ ಬಂದವರು ಅಲ್ಲಿ ಅಲೆಯುವುದು ಕಷ್ಟ. ತಿಂಗಳು ತಿಂಗಳು ಕೊಡುತ್ತೇವೆ ಎನ್ನಿ.

ಎಬಿಎಯೇ ಆಗಬೇಕೆಂದೂ ಇಲ್ಲ. ಮೈಸೂರಿನಲ್ಲಿ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಇದೆ. ಅಲ್ಲಿ ಕನ್ನಡದಲ್ಲೇ ಮಾತಿನ ಮೌಲ್ಯಮಾಪನ ಮಾಡಿಸಿ. ಅಮೆರಿಕದಲ್ಲಿ ನಿಮಗೆ ಅದು ಸುಲಭವಾಗಿ ಸಿಗುವುದಿಲ್ಲ. ಹೊರಡುವ ಮುಂಚಿನ ಕೆಲವು ವಾರ ನಿಮ್ಮ ಬಿಸಿಬಿಎ ಹತ್ತಿರ ತಂದೆತಾಯಿ ತರಬೇತಿಯ ಗಂಟೆಗಳನ್ನು ಹೆಚ್ಚಿಸಿಕೊಂಡು, ಎರಡೋ ಮೂರೋ ಗುರಿಗಳನ್ನು ಮಾತ್ರ ಮನೆಯಲ್ಲಿ ಮುಂದುವರಿಸುವುದನ್ನು ಕಲಿತು ಹೋಗಿ. ಮೂರು ತಿಂಗಳು ಅಜ್ಜಿಯ ಮನೆಯಲ್ಲಿ ಹೀಗೆ ಕಳೆದರೆ ಕೆಲವು ಕಲಿಕೆ ಸ್ವಲ್ಪ ಹಿಂದೆ ಬೀಳಬಹುದು, ಮತ್ತೆ ಶುರು ಮಾಡಿದಾಗ ಸಾಮಾನ್ಯವಾಗಿ ಹಿಡಿದುಕೊಳ್ಳುತ್ತವೆ. ಮಗ ತನಗೇ ಪೆಟ್ಟು ಮಾಡಿಕೊಳ್ಳುತ್ತಿದ್ದರೆ, ಅಥವಾ ಊಟವೇ ಬಿಡುವಷ್ಟು ತೊಂದರೆ ಇದ್ದರೆ ಮಾತ್ರ ಇಷ್ಟು ದೀರ್ಘ ಬಿಡುವು ಬೇಡ. ಆಗ ಪ್ರವಾಸವನ್ನು ಮೂರು ನಾಲ್ಕು ವಾರಕ್ಕೆ ಇಳಿಸಿ.

ಟಿಕೆಟ್ ಮಾಡಿಸುವ ಮೊದಲು ಇನ್ಶೂರೆನ್ಸ್ ಕಂಪನಿಗೆ ಒಂದು ಪತ್ರ ಹಾಕಿ: ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಸೇವೆ ಪಡೆಯದಿದ್ದರೆ ಈಗಿನ ಅನುಮೋದನೆ ರದ್ದಾಗುತ್ತದೆಯೇ, ಆಸ್ಟಿನ್‌ನಲ್ಲಿ ಶುರು ಮಾಡಲು ರೋಗನಿರ್ಣಯದ ಹೊಸ ವರದಿ ಬೇಕೇ ಎಂದು. ಉತ್ತರವನ್ನು ಫೋನಿನಲ್ಲಿ ಬೇಡ, ಬರಹದಲ್ಲಿ ಕೇಳಿ. ಹೊಸ ವರದಿ ಬೇಕೆಂದರೆ ಸ್ಯಾನ್ ಹೋಸೆಯಲ್ಲಿ ಇರುವಾಗಲೇ ನಿಮ್ಮ ಡಾಕ್ಟರ ಹತ್ತಿರ ಮಾಡಿಸಿಕೊಳ್ಳಿ.